ಗಿಣ್ಣು ಹಾಲಿನ ಪಾಸ್ತಾ

ಸೊಸೆ ಕನಸಿನಲ್ಲಿ ತಿಂದ ತಿಂಡಿಗೆ ಲಕ್ಕಮ್ಮ ಎಚ್ಚರದಲ್ಲಿ ಒಲೆ ಹಚ್ಚಬೇಕಾಗಿ ಬಂತು. ಮೋಡ ಕವಿದ ಮಧ್ಯಾಹ್ನ, ರಾಜಘಟ್ಟಕ್ಕೆ ರಾಜಘಟ್ಟವೇ ತೂಕಡಿಸುತ್ತಿತ್ತು. ಸೊಸೆ ಚೈತ್ರ ಮೂರು ತಿಂಗಳ ಬಸುರಿ. ನಾಲ್ಕು ದಿನದಿಂದ ಅವಳ ಹೊಟ್ಟೆಯಲ್ಲಿ ಗಂಜಿಯೂ ನಿಲ್ಲುತ್ತಿಲ್ಲ. ಗುಟುಕು ಎಳನೀರಿನ ಮೇಲೆ ಜೀವ ಹಿಡಿದಿದ್ದಳು. ಇವತ್ತೂ ಏನೂ ಉಳಿಯದಿದ್ದರೆ ನಾಳೆ ಆಸ್ಪತ್ರೆಗೆ ಸೇರಿಸಿ ಎಂದಿದ್ದರು ಡಾಕ್ಟರಮ್ಮ.

"ಕನಸಲ್ಲಿ ಒಂದು ತಟ್ಟೆ ಪೂರ್ತಿ ತಿಂದೆ ಅತ್ತೆ. ವಾಂತೀನೇ ಆಗ್ಲಿಲ್ಲ," ಅಂದಿದ್ದಳು ಬೆಳಿಗ್ಗೆ ಚೈತ್ರ, ಕಣ್ಣು ಮುಚ್ಚಿಕೊಂಡೇ.

"ಏನವ್ವಾ ತಿಂದೆ?"

"ಪಾಸ್ತಾ. ಬೇಕ್ ಮಾಡಿದ್ದು."

"ಬೇಕು ಅಂತ ಗೊತ್ತಾಯ್ತು ಕಣೇ. ಹೆಂಗ್ ಮಾಡ್ಬೇಕು, ಅದ್ನ ಹೇಳು."

ಎಷ್ಟೋ ದಿನದ ಮೇಲೆ ಚೈತ್ರಳ ಮುಖದಲ್ಲಿ ನಗು ಕಂಡಿತು. "ಬೇಕ್ ಅಂದ್ರೆ ಬೇಯ್ಸೋದು ಅತ್ತೆ. ಮೇಲಿಂದ್ಲೂ ಕಾವು ಬೀಳ್ಬೇಕು."

ಬಸುರಿಯ ಬಯಕೆ ತೀರದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಅನ್ನುವ ಊರು ಅದು. ಬಯಕೆ ಎಚ್ಚರದಲ್ಲಿ ಬಂದರೇನು, ಕನಸಿನಲ್ಲಿ ಬಂದರೇನು? ಮಗ ನವೀನ್‌ಕುಮಾರ್ ಕೆಲಸಕ್ಕೆ ಹೋಗುವ ಮೊದಲು ಅಂಗಡಿಯಿಂದ ಪಾಸ್ತಾ ಪೊಟ್ಟಣ ತಂದುಕೊಟ್ಟ. ಅದರಲ್ಲಿ ಬೆರಳುದ್ದದ ಕೊಳವೆಗಳು. ಕುದಿಯುವ ಉಪ್ಪುನೀರಿಗೆ ಸುರಿದರೆ ಅವು ಮುಳುಗಿ, ಎದ್ದು, ಮತ್ತೆ ಮುಳುಗಿದವು. ಈರುಳ್ಳಿ, ಬೆಳ್ಳುಳ್ಳಿ, ಟೊಮೆಟೊ ಬಾಡಿಸಿ ಗೊಜ್ಜು ಮಾಡಿ, ನೀರು ಬಸಿದ ಪಾಸ್ತಾಕ್ಕೆ ಕಲಸಿದ್ದಾಯಿತು. ಹಬೆಯೊಳಗೆ ನಿಂತ ಲಕ್ಕಮ್ಮನಿಗೆ ತಾನೇ ಸೊಸೆಯ ಕನಸಿನೊಳಗೆ ಕಾಲಿಟ್ಟು ಅಡುಗೆ ಮಾಡುತ್ತಿದ್ದೇನೇನೋ ಅನ್ನಿಸಿತು.

"ಮುಂದಕ್ಕೇನವ್ವಾ?"

"ಮೇಲೆ ಚೀಸು..." ಚೈತ್ರಳ ದನಿ ನಿದ್ದೆಗೆ ಜಾರುತ್ತಿತ್ತು. "ಹಾಲಿಂದೇ ಅತ್ತೆ... ಕಾವಿಗೆ ಮೇಲೆಲ್ಲ ಕೆಂಪಗೆ ಕಟ್ಕೊಳ್ಳತ್ತೆ..." ಅಷ್ಟೇ, ನಿದ್ದೆ ಹೋದಳು.

ಹಾಲಿನದು, ಕಾವಿಗೆ ಕಟ್ಟಿಕೊಳ್ಳುವುದು! ಅಯ್ಯೋ, ಇಷ್ಟೇನಾ? ಗಿಣ್ಣಿಗೆ ಪೇಟೆಯವರು ಇಟ್ಟಿರುವ ಹೆಸರೇ ಚೀಸು ಅಂತ ಲಕ್ಕಮ್ಮ ತೀರ್ಮಾನಿಸಿಬಿಟ್ಟಳು. ಪಕ್ಕದ ಮನೆ ಕೆಂಪರಾಜುವಿನ ಹಸು ಮೊನ್ನೆ ತಾನೇ ಕರು ಹಾಕಿತ್ತು. ಬೆಳಿಗ್ಗೆ ಬಂದಿದ್ದ ಚೊಂಬು ತುಂಬ ಗಿಣ್ಣು ಹಾಲಿಗೆ ಬೆಲ್ಲದ ಬದಲು ಉಪ್ಪು, ಮೆಣಸಿನ ಪುಡಿ ಹಾಕಿ, ದಪ್ಪ ತಳದ ಪಾತ್ರೆಯಲ್ಲಿದ್ದ ಪಾಸ್ತಾದ ಮೇಲೆ ಸುರಿದಳು. ಸೌದೆ ಒಲೆಯ ಉರಿ ತಗ್ಗಿಸಿ, ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ಕೆಂಡ ಹರಡಿದಳು. ಮೇಲಿಂದಲೂ ಕಾವು ಬಿತ್ತು.

ಮನೆಯೆಲ್ಲ ಹಾಲಿನ ಘಮ. ತಟ್ಟೆ ಸರಿಸಿದರೆ ಗಿಣ್ಣು ಉಬ್ಬಿ, ಅಲ್ಲಲ್ಲಿ ಕೆಂಪಗಾಗಿ ಕೂತಿತ್ತು.

ಚೈತ್ರ ಎದ್ದು ಗೋಡೆಗೊರಗಿ ಒಂದು ತುತ್ತು ಬಾಯಿಗಿಟ್ಟಳು. ನಿಧಾನವಾಗಿ ಅಗಿದಳು. ಹುಬ್ಬು ಗಂಟಿಕ್ಕಿತು.

"ಇದು ಅದಲ್ಲ ಅತ್ತೆ."

ಲಕ್ಕಮ್ಮ ಪಾತ್ರೆಯತ್ತ ತಿರುಗಿ ನೋಡಿದಳು. "ಚೀಸೇ ಹಾಕಿವ್ನಲ್ಲವ್ವಾ... ಗಿಣ್ಣು..."

ಚೈತ್ರ ಅತ್ತೆಯನ್ನು ನೋಡಿದಳು, ಬಟ್ಟಲನ್ನು ನೋಡಿದಳು. ಮತ್ತೊಂದು ತುತ್ತು ತಿಂದಳು. ಆಮೇಲೆ ಇನ್ನೊಂದು. "ಇನ್ನೊಂಚೂರು ಹಾಕಿ," ಅಂದಳು.

ವಾಂತಿ ಬಂದರೆ ಹಿಡಿಯೋಣವೆಂದು ಲಕ್ಕಮ್ಮ ತೊಡೆಯ ಮೇಲೆ ಬೇಸಿನ್ ಇಟ್ಟುಕೊಂಡು ಕಾದಳು. ಕಾಲು ಗಂಟೆಯಾಯಿತು, ಅರ್ಧ ಗಂಟೆಯಾಯಿತು. ಬೇಸಿನ್ ಖಾಲಿಯಾಗಿಯೇ ಇತ್ತು. ಸದ್ಯ, ಬದುಕಿದೆ ಅನ್ನಿಸಿತು ಅವಳಿಗೆ.

"ಅತ್ತೆ, ನಿಮ್ಮ ಮಗ ಹೊಟ್ಟೇಲಿದ್ದಾಗ ನಿಮಗೇನು ತಿನ್ಬೇಕು ಅನ್ನಿಸ್ತಿತ್ತು?"

ಲಕ್ಕಮ್ಮ ಬಾಯಿ ತೆರೆದಳು. ಇತ್ತು, ಏನೋ ಒಂದಿತ್ತು. ಹನ್ನೆರಡು ಜನರ ಮನೆಯಲ್ಲಿ ರಾಗಿ ಬೀಸುತ್ತಾ ದಿನಗಟ್ಟಲೆ ಅದನ್ನೇ ನೆನೆದು ಬಾಯಲ್ಲಿ ನೀರೂರಿಸಿಕೊಂಡಿದ್ದಳು. ಹುಳಿಯೋ, ಸಿಹಿಯೋ? ಎಷ್ಟು ತಡಕಿದರೂ ಸಿಗಲಿಲ್ಲ.

"ಮರ್ತೋಯ್ತು ಕಣವ್ವಾ," ಅಂದಳು. "ಯಾರೂ ಕೇಳ್ಲೇ ಇಲ್ವಲ್ಲ."

ಅಷ್ಟು ಹೇಳಿದ್ದೇ ತಡ, ಅಳು ಒತ್ತರಿಸಿಕೊಂಡು ಬಂತು. ಚೈತ್ರ ಹತ್ತಿರ ಸರಿದು, ಬಟ್ಟಲಲ್ಲಿ ಉಳಿದಿದ್ದ ಕೊನೆಯ ತುತ್ತನ್ನು ಅತ್ತೆಯ ಬಾಯಿಗೆ ಹಿಡಿದಳು. ಲಕ್ಕಮ್ಮ ಬೇಡ ಅನ್ನಲಿಲ್ಲ.