ಎಡಗೈಗೆ ಬಲಗಾಲು

ನನ್ನ ಎಡಗೈ ಪೂರ್ತಿ ಮೇಲೇಳುವುದಿಲ್ಲ. ಹತ್ತನೇ ವಯಸ್ಸಿನಲ್ಲಿ ಪೇರಳೆ ಮರದಿಂದ ಬಿದ್ದು ಭುಜ ಮುರಿದಿತ್ತು. ಎಲುಬು ಕೂಡಿದ ಮೇಲೂ ಕಿವಿಯ ಮಟ್ಟ ದಾಟಲು ಅದಕ್ಕೆ ಸೋಮಾರಿತನ. ಇಂಥ ಕೈ ಇಟ್ಟುಕೊಂಡು ವಾಟರ್ ಪೋಲೋದಲ್ಲಿ ಗೋಲ್‌ಕೀಪರ್ ಆಗಲು ಹೊರಟವಳು ನಾನು. ಕಾಲಿಗೆ ನೆಲ ಸಿಗದ ಕೊಳದಲ್ಲಿ, ಮಜ್ಜಿಗೆ ಕಡೆದ ಹಾಗೆ ಕಾಲು ತಿರುಗಿಸುತ್ತ ತೇಲಬೇಕು. ಚೆಂಡು ಬಂದರೆ ನೀರಿನಿಂದ ಚಿಮ್ಮಿ ತಡೆಯಬೇಕು. ಭವ್ಯಶ್ರೀಗೆ ತಲೆ ಸರಿಯಿಲ್ಲ ಎಂದು ಫರಂಗಿಪೇಟೆಯ ನೆರೆಕರೆಯವರು ಆಗಲೇ ತೀರ್ಮಾನಿಸಿದ್ದರು.

ಮೂಡಬಿದಿರೆಯ ಕೊಳದಲ್ಲಿ ಮಾತ್ರ ಆರು ವರ್ಷ ಈ ಕೈಯ ಸುದ್ದಿ ಎತ್ತದೆ ಆಡಿದೆ. ಈ ವರ್ಷ ಚೈತನ್ಯಾ ಮೇಡಂ ಬಂದು ಗುಟ್ಟು ರಟ್ಟಾಯಿತು. ಅವರು ಬೆಳ್ತಂಗಡಿಯವರು, ಫಿಸಿಯೋಥೆರಪಿ ಓದಿದವರು. ಎಲ್ಲರ ಕೈಕಾಲುಗಳ ಬಲವನ್ನು ಎಡ ಬೇರೆ, ಬಲ ಬೇರೆ ಅಂತ ಯಂತ್ರ ಹಿಡಿದು ಅಳೆದರು.

"ನಿನ್ನ ಎಡಗೈ ತುಂಬಾ ವೀಕ್ ಉಂಟು," ಎಂದರು ಮೇಡಂ. "ಸಾಲದ್ದಕ್ಕೆ ಎಡಗಾಲಿಗಿಂತ ಬಲಗಾಲಿನ ಶಕ್ತಿ ಜಾಸ್ತಿ. ಎರಡು ತೊಂದರೆ. ಮೊದಲು ಸರಿ ಮಾಡುವ, ರಾಜ್ಯಮಟ್ಟದ ಪಂದ್ಯಕ್ಕೆ ಬರುವ ವರ್ಷ ಹೋಗು."

ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. "ಇಷ್ಟು ವರ್ಷ ಚೆಂಡು ಹಿಡಿದದ್ದು ನಿಮ್ಮ ಮೆಷಿನ್ನಾ ಮೇಡಂ?"

"ಸುಮ್ಮನಿರು ಮಾರಾಯ್ತಿ," ಎಂದು ಕೋಚ್ ಗಣೇಶಪ್ರಸಾದ್ ಸರ್ ಗದರಿದರು. ಆಮೇಲೆ ಮೇಡಂ ಕಡೆ ತಿರುಗಿ, "ನೀರಿನಲ್ಲೇ ನೋಡುವ. ಇವಳಿಗೂ ಅಕ್ಷಿತಾಗೂ ಇಪ್ಪತ್ತಿಪ್ಪತ್ತು ಶಾಟ್. ಹತ್ತು ಎಡಕ್ಕೆ, ಹತ್ತು ಬಲಕ್ಕೆ, ಹೇಗೆ ಬೇಕಾದರೂ ಕಲಸಿ. ಹೆಚ್ಚು ತಡೆದವಳು ಹೋಗ್ತಾಳೆ," ಎಂದರು.

ಬಂಟ್ವಾಳದ ಅಕ್ಷಿತಾ ನಮ್ಮ ಇನ್ನೊಬ್ಬ ಗೋಲ್‌ಕೀಪರ್. ಅವಳ ಎರಡೂ ಕೈ ಸರಿಸಮ. ಅವಳು ಹನ್ನೊಂದು ತಡೆದಳು. ಆಮೇಲೆ ನನ್ನ ಸರದಿ. ನಮ್ಮ ತಂಡದ ತೃಪ್ತಿ ಚೆಂಡು ಎಸೆಯುತ್ತಲೇ ಹೋದಳು, ನಾನು ಲೆಕ್ಕ ಮರೆತು ಹಾರುತ್ತಲೇ ಹೋದೆ. ಮೇಡಂ ಪ್ರತಿಯೊಂದನ್ನೂ ಬರೆದುಕೊಂಡರು.

"ಹದಿಮೂರು!" ಎಂದು ಸರ್ ಕೂಗಿದರು. ನಾನು ಕೊಳದ ಅಂಚು ಹಿಡಿದುಕೊಂಡು ನಕ್ಕೆ, ಅತ್ತೆ, ಎರಡನ್ನೂ ಮಾಡಿದೆ.

ಮೇಡಂ ಮಾತ್ರ ನಗಲಿಲ್ಲ. ಕಾಗದವನ್ನೇ ನೋಡುತ್ತಿದ್ದರು. "ಎಡಕ್ಕೆ ಎಂಟು, ಬಲಕ್ಕೆ ಐದು. ನಾನು ಎಡ ಬಲ ಅದಲು ಬದಲು ಬರೆದೆನಾ? ತೃಪ್ತಿ, ಯಾರ ಎಡ ಇದು?"

"ಭವ್ಯಶ್ರೀಯದ್ದೇ ಮೇಡಂ. ಆ ಕಡೆ ಹಾಕಿದ್ರೆ ಇವಳು ಬಿಡುದೇ ಇಲ್ಲ," ಎಂದಳು ತೃಪ್ತಿ.

ನನಗೂ ನಂಬಿಕೆ ಬರಲಿಲ್ಲ. ಎಡಭಾಗವೆಂದರೆ ನನ್ನ ದೊಡ್ಡ ಹೆದರಿಕೆ. ಮೇಡಂ ಅಂಚಿಗೆ ಬಂದು ಬಗ್ಗಿ ಕೂತರು. "ಮತ್ತೊಮ್ಮೆ ಎಡಕ್ಕೆ ಹಾರು. ಮೆಲ್ಲ."

ಹಾರಿದೆ. ಅವರು ನನ್ನ ಕೈಯನ್ನು ನೋಡಲೇ ಇಲ್ಲ, ನೀರಿನೊಳಗೆ ಕಾಲನ್ನು ನೋಡಿದರು.

"ಎಡಕ್ಕೆ ಹೋಗ್ಲಿಕ್ಕೆ ಯಾವ ಕಾಲಿನಲ್ಲಿ ಒದೀತಿ ಭವ್ಯಶ್ರೀ?"

"ಬಲಗಾಲಿನಲ್ಲಿ," ಎಂದೆ. ಎಂದ ಮೇಲೆ ನನಗೇ ಅರ್ಥವಾಯಿತು. ಕೈ ಎಟುಕುವುದಿಲ್ಲವೆಂದು ಕಾಲು ನನ್ನ ಇಡೀ ಮೈಯನ್ನೇ ಅಲ್ಲಿಗೆ ಮುಟ್ಟಿಸುತ್ತಿತ್ತು. ಆರು ವರ್ಷ ಹಾಗೆ ಒದ್ದೂ ಒದ್ದೂ ಅದಕ್ಕೆ ಅಷ್ಟು ಬಲ ಬಂದಿತ್ತು.

"ನಾನು ಎರಡು ತೊಂದರೆ ಅಂತ ಬರೆದೆ," ಎಂದು ಮೇಡಂ ನಿಧಾನವಾಗಿ ಹೇಳಿದರು. "ಎರಡನೆಯದು ತೊಂದರೆ ಅಲ್ಲ, ಮೊದಲನೆಯದ್ದಕ್ಕೆ ಮದ್ದು. ನಾಳೆಯಿಂದ ಭುಜಕ್ಕೆ ವ್ಯಾಯಾಮ ಮಾಡುವ. ಎಡಗಾಲಿಗೂ ಸ್ವಲ್ಪ ಕಲಿಸುವ, ಬಲಕ್ಕೆ ಹಾರ್ಲಿಕ್ಕೆ ಬೇಕಲ್ಲ. ಈ ಬಲಗಾಲಿನ ಸುದ್ದಿಗೆ ಮಾತ್ರ ನಾನು ಬರುದಿಲ್ಲ."

ಸರ್ ಪಟ್ಟಿಯಲ್ಲಿ ನನ್ನ ಹೆಸರು ಬರೆದರು. ನಾನು ಇನ್ನೂ ನೀರಿನಲ್ಲೇ ಇದ್ದೆ. ಇಷ್ಟು ವರ್ಷ ಆ ಕೈಯನ್ನು ಬಾಯಿಗೆ ಬಂದ ಹಾಗೆ ಬೈದವಳು, ಒಂದು ದಿನವೂ ಹೊಗಳಿಸಿಕೊಳ್ಳದೆ ದುಡಿದ ಕಾಲನ್ನು ಮೊದಲ ಸಲ ತಗ್ಗಿ ನೋಡಿದೆ.