ಮೂಗಿಗೆ ಕಟ್ಟಿದ ಕಾಲುಚೀಲ

"ಇಸ್ತ್ರಿ ಮಾಡೋಕೆ ಬರಲ್ಲ ಅಂದ್ರೆ ಬೇರೆ ಕೆಲಸ ನೋಡ್ಕೋಬೇಕಮ್ಮ. ನೀನು ಬಟ್ಟೆ ಸುಟ್ಟಿದ್ದಕ್ಕೆಲ್ಲ ನಮ್ಮ ಫ್ಯಾಕ್ಟರಿ ಹೊಣೆನಾ?"

ಮ್ಯಾನೇಜರು ಅಂಗಿಯನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದ. ಬಿಳಿ ಅಂಗಿ, ಬೆನ್ನ ತುಂಬ ಸಾಸಿವೆ ಕಾಳಿನಷ್ಟು ತೂತುಗಳು. ಪಾಳಿ ಮುಗಿಸಿದವರು, ಪಾಳಿಗೆ ಬಂದವರು ಗೇಟಿನ ಮುಂದೆ ಗುಂಪುಗೂಡಿದ್ದರು. ಹಗ್ಗದ ಮೇಲೆ ಒಣಗುವಾಗಲೇ ನಿಮ್ಮ ಫ್ಯಾಕ್ಟರಿಯ ಆವಿಗೆ ಹೀಗಾಗುತ್ತದೆ, ಬಟ್ಟೆಯೇ ಹೀಗಾದರೆ ನಮ್ಮೆದೆ ಏನಾಗಿರಬೇಡ, ಇಸ್ತ್ರಿಪೆಟ್ಟಿಗೆಯ ಕೆಂಡ ಊದೋಕೂ ಉಸಿರು ಸಾಲುತ್ತಿಲ್ಲ, ಒಂದ್ಸಲ ಕೇರಿಗೆ ಬಂದು ನೋಡಿ ಎಂದು ಅಕ್ಕ ತಡೆತಡೆದು ಹೇಳಿದಳು.

ಮ್ಯಾನೇಜರು ಪಕ್ಕದಲ್ಲಿ ನಿಂತಿದ್ದ ಅವಳ ತಮ್ಮನ ಕಡೆ ತಿರುಗಿದ. "ಏನೋ ಉದ್ದಣ್ಣ, ನಿನ್ನ ಅಕ್ಕ ತಾನೆ? ಊದೋಕೆ ಉಸಿರಿಲ್ವಂತೆ. ಜಗಳ ಆಡೋಕೆ ಬೇಕಾದಷ್ಟಿದೆ ನೋಡು."

ಜನ ನಕ್ಕರು. ಉದ್ದಣ್ಣನೂ ನಕ್ಕ. ಬೇಕೆಂದು ನಕ್ಕಿದ್ದಲ್ಲ. ದೊರೆ ನಕ್ಕರೆ ಆಳಿನ ಹಲ್ಲು ತಾನಾಗಿ ಹೊರಗೆ ಬರುತ್ತದಲ್ಲ, ಹಾಗೆ. ಅಕ್ಕ ಆ ಹಲ್ಲುಗಳನ್ನು ನೋಡಿದಳು. ಅಂಗಿ ಮಡಚಿ ಕಂಕುಳಲ್ಲಿಟ್ಟುಕೊಂಡು ಹೋದಳು.

ಕೇರಿಯ ಬಾಗಿಲುಗಳಿಗಿಂತ ಎತ್ತರದ ಆಳು ಅವನು. ಅದಕ್ಕೇ ಉದ್ದಣ್ಣ ಎಂಬ ಹೆಸರು, ಅದಕ್ಕೇ ಆ ಕೆಲಸ. ಟ್ಯಾಂಕರಿನಿಂದ ಆಸಿಡ್ ಇಳಿಸುವ ಜಾಗದಲ್ಲಿ ಕಂಬವೊಂದಿತ್ತು. ಅದರ ತುದಿಯಲ್ಲಿ ಮುಷ್ಟಿಗಾತ್ರದ ಯಂತ್ರ. ಆವಿ ಸೋರಿದರೆ ಅದು ಮೂಸಿ ಸೈರನ್ ಕೂಗಿಸಬೇಕು. ಕೆಲಸಗಾರರು ಅದನ್ನು 'ಮೂಗು' ಎನ್ನುತ್ತಿದ್ದರು. ಸೈರನ್ ಕೂಗಿದರೆ ಇಳಿಸುವುದನ್ನು ನಿಲ್ಲಿಸಬೇಕು, ಸೋರುವ ಪೈಪನ್ನು ಬದಲಿಸಬೇಕು, ಟ್ಯಾಂಕರು ಕಾಯಬೇಕು. ಪೈಪು ಸೋರದ ದಿನವಿರಲಿಲ್ಲ. ಹಾಗಾಗಿ ಟ್ಯಾಂಕರು ಬಂದಾಗಲೆಲ್ಲ ಮ್ಯಾನೇಜರು ಕೇಳುತ್ತಿದ್ದುದು ಒಂದೇ ಮಾತು: "ಮೂಗು ಕಟ್ಟಿದೀಯೇನೋ?" ಹಳೆಯ ಕಾಲುಚೀಲವೊಂದನ್ನು ನೀರಲ್ಲಿ ಅದ್ದಿ ಮೂಗಿಗೆ ತೊಡಿಸಿ ದಾರ ಬಿಗಿಯುವುದು. ಏಣಿ ಬೇಡ, ಉದ್ದಣ್ಣ ಕೈ ಎತ್ತಿದರೆ ಸಾಕು. ಎತ್ತರ ಕೊಟ್ಟ ದೇವರು ಇದಕ್ಕೇ ಕೊಟ್ಟಿದ್ದು ಎಂದು ಜೊತೆಯವರು ತಮಾಷೆ ಮಾಡುತ್ತಿದ್ದರು. ಅವನಿಗೂ ಅದು ತಮಾಷೆಯಾಗಿಯೇ ಕಂಡಿತ್ತು.

ಆ ಸಂಜೆ ಅವನು ಮನೆಗೆ ಬಂದಾಗ ಅಕ್ಕ ಇಸ್ತ್ರಿ ಮೇಜಿಗೆ ಒರಗಿ ಕೂತಿದ್ದಳು. ಎದೆಯೊಳಗೆ ಸೀಟಿ ಊದಿದಂತೆ ಸದ್ದು. ಬೈಯುತ್ತಾಳೆಂದು ಕಾದ. ಬೈಯಲಿಲ್ಲ. ತಟ್ಟೆಗೆ ಊಟ ಹಾಕಿ ಅವನ ಕಡೆ ಸರಿಸಿದಳು. ಅದೇ ಹೆಚ್ಚು ಚುಚ್ಚಿತು. ಮಾತಿಗೊಂದು ದಾರಿ ಬೇಕಿತ್ತು.

"ಹೋದ ವಾರ ಅಷ್ಟು ಘಾಟು ಬಂತಲ್ಲ, ರಸ್ತೆ ಕಡೆ ಓಡೋದು ತಾನೆ? ಒಳಗೇ ಯಾಕೆ ಕೂತೆ?"

ಅಕ್ಕ ಅವನನ್ನು ವಿಚಿತ್ರವಾಗಿ ನೋಡಿದಳು. "ಕೂಗು ಬರಲಿಲ್ಲವಲ್ಲೋ. ಕೂಗು ಬಂದ್ರೆ ಓಡಿ, ಬರದಿದ್ರೆ ಹೆದರಬೇಡಿ ಅಂತ ನಿಮ್ಮ ಫ್ಯಾಕ್ಟರಿಯೋರೇ ಬಂದು ಹೇಳಿಲ್ವಾ? ಪಕ್ಕದ ಮನೆಯೋಳು ಮಗು ಎತ್ಕೊಂಡು ಹೊರಟಿದ್ಳು. ನಾನೇ ಕೂರಿಸಿದೆ. ಏನಾದ್ರೂ ಇದ್ರೆ ನನ್ನ ತಮ್ಮ ಸುಮ್ನೆ ಬಿಡ್ತಾನಾ ಅಂದೆ."

ಬಾಯಲ್ಲಿದ್ದ ತುತ್ತು ಇಳಿಯಲಿಲ್ಲ. ಮೂಗು ಕಟ್ಟಿದವನು ನಾನೇ ಎಂದು ಹೇಳಬೇಕಿತ್ತು. ನೀರು ಕುಡಿದ. ಕೈ ತೊಳೆದ. ಹೇಳಲಿಲ್ಲ. ಪಕ್ಕದ ಮನೆಯಲ್ಲಿ ಮಗು ಕೆಮ್ಮುತ್ತಲೇ ಇತ್ತು.

ಮರುದಿನ ಟ್ಯಾಂಕರು ಬಂತು. "ಮೂಗು ಕಟ್ಟಿದೀಯೇನೋ?" ಎಂದು ಮ್ಯಾನೇಜರು ಕಚೇರಿಯ ಬಾಗಿಲಿಂದ ಕೂಗಿದ. ಉದ್ದಣ್ಣ ಹೂಂ ಎಂದ. ಕಾಲುಚೀಲ ಜೇಬಿನಲ್ಲೇ ಇತ್ತು.

ಪೈಪು ಜೋಡಿಸಿದ ಸ್ವಲ್ಪ ಹೊತ್ತಿಗೆ ಬಿಳಿ ಆವಿ ನೆಲ ಸವರಿಕೊಂಡು ಎದ್ದಿತು. ಸೈರನ್ ಕೂಗಿತು. ಆ ಕೂಗು ಕೇರಿಗೆ ಕೇಳಿಸಿದ್ದು ಅದೇ ಮೊದಲು. ಡ್ರೈವರು ಗಾಬರಿಯಾಗಿ ವಾಲ್ವ್ ತಿರುಗಿಸಿ ನಿಲ್ಲಿಸಿದ. ಹೇಳಿಕೊಟ್ಟಿದ್ದ ಹಾಗೆಯೇ ಕೇರಿಯವರು ಗಾಳಿಗೆದುರಾಗಿ ರಸ್ತೆಗೆ ಓಡಿ ಬಂದು, ಗೇಟಿನ ಮುಂದೆ ಏದುಸಿರು ಬಿಡುತ್ತ ನಿಂತರು. ಮಗು ಎತ್ತಿಕೊಂಡ ಪಕ್ಕದ ಮನೆಯವಳು. ಅವಳ ಹೆಗಲು ಹಿಡಿದ ಅಕ್ಕ.

ಮ್ಯಾನೇಜರು ಓಡಿ ಬಂದ. ಏನೂ ಆಗಿಲ್ಲ, ಯಂತ್ರ ಕೆಟ್ಟಿದೆ, ಮನೆಗೆ ಹೋಗಿ ಎಂದ. ಯಾರೂ ಕದಲಲಿಲ್ಲ. ಅವನು ಉದ್ದಣ್ಣನ ತೋಳು ಹಿಡಿದು ಮುಂದಕ್ಕೆಳೆದ. "ನಿಮ್ಮ ಕೇರಿಯೋನೇ ಇದಾನಲ್ಲ, ಇವನನ್ನೇ ಕೇಳಿ. ಹೇಳೋ, ಸುಳ್ಳು ಕೂಗು ಅಂತ."

ಉದ್ದಣ್ಣ ಜೇಬಿಗೆ ಕೈ ಹಾಕಿದ. ತುದಿ ಸುಟ್ಟು ಹಳದಿಯಾದ ಕಾಲುಚೀಲವನ್ನು ಅಕ್ಕನ ಮುಂದೆ ಹಿಡಿದ.

"ಇವತ್ತಿನದು ನಿಜವಾದ ಕೂಗು, ಅಕ್ಕ. ಇಷ್ಟು ದಿನ ಬರದಂತೆ ಇದನ್ನ ಕಟ್ತಾ ಇದ್ದೆ. ಇವ್ರು ಕಟ್ಟು ಅಂದ್ರು, ಕಟ್ಟಿದೆ."

"ಹೋದ ವಾರ?" ಅಕ್ಕ ಕೇಳಿದಳು.

ಅವನು ತಲೆ ತಗ್ಗಿಸಿದ.

ಅವಳು ಕಾಲುಚೀಲವನ್ನು ಅವನ ಕೈಯಿಂದ ತೆಗೆದುಕೊಂಡು ಪಕ್ಕದ ಮನೆಯವಳ ಕೈಗಿಟ್ಟಳು. ಅದು ಕೈಯಿಂದ ಕೈಗೆ ದಾಟುತ್ತ ಹೋಯಿತು. ಯಾರೂ ಮನೆ ಕಡೆ ತಿರುಗಲಿಲ್ಲ. ಒಬ್ಬೊಬ್ಬರಾಗಿ ಗೇಟಿಗೆ ಅಡ್ಡಲಾಗಿ ನೆಲದ ಮೇಲೆ ಕೂತರು.

"ಯಾರಾದ್ರೂ ಹೋಗಿ ಆ ಮೂಗು ಕಟ್ರೋ!" ಮ್ಯಾನೇಜರು ಒಳಗಿನವರತ್ತ ಅರಚಿದ. ನಿನ್ನೆ ನಕ್ಕವರೆಲ್ಲ ಅಲ್ಲೇ ಇದ್ದರು. ಒಬ್ಬ ಏಣಿ ನೋಡಿದ. ಇನ್ನೊಬ್ಬ ನೆಲ ನೋಡಿದ. ಒಬ್ಬನೂ ಮುಂದೆ ಬರಲಿಲ್ಲ.

ಉದ್ದಣ್ಣ ಅಕ್ಕನ ಪಕ್ಕ ಕೂರಲು ಹೋದ. ಅವಳು ಸರಿದು ಜಾಗ ಕೊಡಲಿಲ್ಲ. ಅವನು ನಿಂತೇ ಇದ್ದ. ಆಮೇಲೆ ಫ್ಯಾಕ್ಟರಿಯ ಟೋಪಿ ತೆಗೆದು ಗೇಟಿನ ಸರಳಿಗೆ ಸಿಕ್ಕಿಸಿದ.

"ಲೋ, ಇಷ್ಟು ದಿನ ಯಾರ ಅನ್ನ ತಿಂದೆಯೋ?" ಮ್ಯಾನೇಜರು ಹಿಂದಿನಿಂದ ಕೇಳಿದ.

ಆ ಪ್ರಶ್ನೆ ಉದ್ದಣ್ಣನನ್ನು ನಿನ್ನೆ ಸಂಜೆಯೇ ಹಿಡಿದಿತ್ತು, ಅಕ್ಕ ಬಡಿಸಿದ ತುತ್ತು ಗಂಟಲಲ್ಲಿ ನಿಂತಾಗ. ಸೈರನ್ ಕೂಗುತ್ತಲೇ ಇತ್ತು. ಅವನು ತಿರುಗಿ ನೋಡದೆ, ಕೂತವರ ಸಾಲು ದಾಟಿ ಕೇರಿಯ ಕಡೆಗೆ ನಡೆದುಬಿಟ್ಟ.