ಕಿರ್ ಎನ್ನದ ದಿನ

ನಾನು ಜಾಲಿ ಮರದ ಒಂದು ಸ್ಟೂಲು. ಬನಹಟ್ಟಿಯ ಮೋನಪ್ಪ ಬಡಿಗೇರ ನನ್ನನ್ನು ಹುಟ್ಟಿಸಿದ. ಮೂರು ಕಾಲು ಚೆನ್ನಾಗಿ ಒಣಗಿದ ಕಟ್ಟಿಗೆಯವು, ನಾಲ್ಕನೆಯದು ಇನ್ನೂ ಹಸಿ. ಅವಸರದ ಕೆಲಸ, ಏನು ಮಾಡುವುದು! ಅದು ಒಣಗಿ ಸಡಿಲಾದ ಮೇಲೆ, ಮೈಕೈ ತುಂಬಿದವರು ಕೂತರೆ ನಾನು "ಕಿರ್" ಎನ್ನತೊಡಗಿದೆ. ಹಗುರಾದವರು ಕೂತರೆ ಸುಮ್ಮನಿರುತ್ತಿದ್ದೆ.

ನನ್ನನ್ನು ಕೊಂಡವರು ಡಾಕ್ಟರ್ ಗುರುಸಿದ್ದಪ್ಪ ಮುತ್ತೂರ. ಅವರ ಕ್ಲಿನಿಕ್ಕಿನಲ್ಲಿ, ಅವರ ಕುರ್ಚಿಯ ಎದುರು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ, ನನ್ನ ಜಾಗ. ಸಾಹುಕಾರನೂ ನನ್ನ ಮೇಲೇ ಕೂರಬೇಕು, ಹಮಾಲನೂ ನನ್ನ ಮೇಲೇ. ಮುಖ ನೋಡಿ ಮಣೆ ಹಾಕುವ ಪದ್ಧತಿ ಅಲ್ಲಿರಲಿಲ್ಲ. ರೋಗಕ್ಕಾಗಿ ಮಾತ್ರ ಡಾಕ್ಟರು ಮುಖ ನೋಡುತ್ತಿದ್ದರು. ಕೈ ಹಿಡಿದು, ಕಣ್ಣ ರೆಪ್ಪೆ ಎಳೆದು, ನೇಕಾರರಾದರೆ ಮಗ್ಗ ನಡೆದಿದೆಯೋ ನಿಂತಿದೆಯೋ ಕೇಳಿ, ಅರ್ಧ ರೋಗವನ್ನು ಅಲ್ಲೇ ಹಿಡಿಯುತ್ತಿದ್ದರು.

ಸಕ್ಕರೆ ಕಾಯಿಲೆಯ ಗುಳಿಗೆಗೆಂದು ತಿಂಗಳಿಗೊಮ್ಮೆ ಬರುತ್ತಿದ್ದವಳು ತಂಗೆವ್ವ ಹಟಗಾರ. ನೇಕಾರರ ಮನೆಯ ದೊಡ್ಡ ಹೆಂಗಸು, ಎಲ್ಲ ರೀತಿಯಲ್ಲೂ ದೊಡ್ಡವಳು. ಅವಳು ಕೂತರೆ ನಾನು ಬೀದಿಗೆ ಕೇಳುವಂತೆ ಕಿರಗುಡುತ್ತಿದ್ದೆ. ಅತ್ತ ಮುಖ ಮಾಡಿ ಕೈ ತೊಳೆಯುತ್ತಿದ್ದ ಡಾಕ್ಟರು ಹೇಳುವರು:

"ಬಂದ್ಯಾ ತಂಗೆವ್ವ? ಸ್ಟೂಲ್ ಹೇಳ್ತು ನೋಡು."

"ನಿಮ್ಮ ಸ್ಟೂಲಿಗೆ ಹೊಟ್ಟಿಕಿಚ್ಚರೀ, ಡಾಕ್ಟ್ರ. ನಾ ಉಂಡದ್ದು ಅದರ ಕಣ್ಣಾಗ ಬೀಳತೈತಿ."

ಹೇಳಿ ತಾನೇ ನಗುವಳು. ಆ ನಗೆ ನನ್ನ ನಾಲ್ಕೂ ಕಾಲಿಗೆ ಇಳಿಯುತ್ತಿತ್ತು. ಅದಕ್ಕಿಂತ ಹಿತವಾದದ್ದು ನನ್ನ ಬಾಳಿನಲ್ಲಿ ಬೇರೆ ಇಲ್ಲ.

ಆಮೇಲೆ ಕಂಪ್ಯೂಟರು ಬಂತು. ಬ್ಯಾಂಕಿಗೆ ಬಂದಿತ್ತು, ಪೋಸ್ಟಿಗೆ ಬಂದಿತ್ತು. ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ? ರೋಗಿಗಳ ವಿವರವನ್ನೆಲ್ಲ ಅದರಲ್ಲಿ ದಾಖಲಿಸಿದ ಡಾಕ್ಟರುಗಳಿಗೆ ಸರ್ಕಾರ ಒಬ್ಬ ರೋಗಿಗೆ ಇಷ್ಟೆಂದು ಪ್ರೋತ್ಸಾಹಧನ ಕೊಡುತ್ತದಂತೆ. ಆದರೆ ಒಂದು ಖಾನೆಯೂ ಖಾಲಿ ಇರಬಾರದಂತೆ. ನಮ್ಮ ಡಾಕ್ಟರದು ದುಡ್ಡಿನ ಆಸೆ ಎನ್ನಬೇಡಿ. ಮಾಳಿಗೆ ಸೋರುತ್ತಿತ್ತು, ಕಂಪೌಂಡರ್ ದಾವಲಸಾಬನ ಸಂಬಳ ಏರಿಸಬೇಕಿತ್ತು. ಪ್ಲಗ್ ಇದ್ದದ್ದು ಗೋಡೆಯ ಬದಿ, ಕಂಪ್ಯೂಟರು ಅಲ್ಲೇ ಕೂತಿತು. ಡಾಕ್ಟರ ಕುರ್ಚಿಯೂ ಆ ಕಡೆ ತಿರುಗಿತು. ನನ್ನ ಪಾಲಿಗೆ ಉಳಿದದ್ದು ಅವರ ಬೆನ್ನು.

ತೂಕದ ಯಂತ್ರವಿದ್ದದ್ದು ಹೊರಗಿನ ಮೂಲೆಯಲ್ಲಿ. ಸರತಿಯೋ ಹನುಮಂತನ ಬಾಲ.

"ತಂಗೆವ್ವನ ತೂಕ ಎಷ್ಟೋ, ದಾವಲಾ?"

"ಹೋದ ಸಲದ್ದ ಹಾಕ್ರಿ ಸರ. ಒಂದ್ ತಿಂಗಳದಾಗ ಏನ್ ಇಳೀತೈತಿ?"

ಖಾನೆ ತುಂಬಿತು. ಮರು ತಿಂಗಳೂ ಹಾಗೇ ತುಂಬಿತು. ದಾವಲಸಾಬ ಕೆಟ್ಟವನಲ್ಲ, ಅವಸರದವನು. ನನ್ನ ಮೋನಪ್ಪನ ಹಾಗೆ.

ಆದರೆ ತಂಗೆವ್ವ ಇಳಿಯುತ್ತಿದ್ದಳು. ಹೊತ್ತವನಿಗೆ ಗೊತ್ತಾಗದೆ ಇನ್ನಾರಿಗೆ ಗೊತ್ತಾದೀತು? ಬರಬರುತ್ತ ನನ್ನ ಕಿರ್ ಸಣ್ಣದಾಯಿತು. ಅವಳ ನಗೆಯೂ ನಿಂತಿತು. "ಊಟ ಸೇರವಲ್ದರೀ" ಎಂದು ಒಮ್ಮೆ ಆ ಬೆನ್ನಿಗೆ ಹೇಳಿದಳು. ಬೆನ್ನು "ಹೂಂ" ಎಂದಿತು. ಡಾಕ್ಟರೇ, ಒಂದು ಸಲ ಈ ಕಡೆ ತಿರುಗಿ ಎಂದು ಕೂಗುವ ಆಸೆ ನನಗೆ. ಬಾಯಿ ಎಲ್ಲಿಂದ ತರಲಿ? ಅವರು ಅವಳ ಕೈ ಹಿಡಿದು ಕೂರುತ್ತಿದ್ದ ದಿನಗಳಿಗಾಗಿ ನನ್ನ ಜೀವ ಹಂಬಲಿಸುತ್ತಿತ್ತು.

ಒಂದು ದಿನ ದಾವಲಸಾಬ ಅವಳ ಹೆಸರು ಕೂಗಿದ. ಅವಳು ಬಂದು ಕೂತಳು. ನನ್ನಿಂದ ಸದ್ದೇ ಹೊರಡಲಿಲ್ಲ. ಡಾಕ್ಟರು ತೆರೆಯ ಮೇಲಿನ ಅವಳ ಹೆಸರು ನೋಡುತ್ತ ಸ್ವಲ್ಪ ಹೊತ್ತು ಕಾದರು.

"ಕುಂದ್ರಬೇ ತಂಗೆವ್ವ, ಯಾಕ ನಿಂತಿ?"

"ಆಗಳೇ ಕುಂತೇನಲ್ರೀ, ಡಾಕ್ಟ್ರ."

ಕುರ್ಚಿ ತಿರುಗಿತು. ಡಾಕ್ಟರು ಅವಳನ್ನು ನೋಡಿದರು. ಕೈ ಹಿಡಿದರೆ ಬಳೆಗಳು ಮೊಣಕೈವರೆಗೆ ಜಾರಿದವು. ತೂಕದ ಯಂತ್ರವನ್ನು ಒಳಗೆ ತರಿಸಿದರು. ಅದು ತೋರಿಸಿದ್ದಕ್ಕೂ ತೆರೆಯ ಮೇಲಿದ್ದುದಕ್ಕೂ ಅಜಗಜಾಂತರ.

"ನನ್ನ ಕಣ್ಣೆದುರಿಗೇ ಕರಗಿದ್ಯಲ್ಲಬೇ!"

"ನಿಮ್ಮ ಕಣ್ಣು ನನ್ನ ಎದುರು ಎಲ್ಲಿತ್ರೀ?" ಎಂದಳು ತಂಗೆವ್ವ. ಸಿಟ್ಟಿರಲಿಲ್ಲ, ಮೆಲ್ಲಗೆ ಹೇಳಿದಳು. ಡಾಕ್ಟರು ದೊಡ್ಡಾಸ್ಪತ್ರೆಗೆ ಚೀಟಿ ಬರೆದರು.

ಅವತ್ತೇ ಬೆಳಗಾವಿಗೆ ಕಳಿಸಿದರು. ಹೊಟ್ಟೆಯಲ್ಲಿ ಗಡ್ಡೆಯಿತ್ತಂತೆ, ಕೊಯ್ದು ತೆಗೆದರಂತೆ. ಜೀವ ಉಳಿಯಿತು. ಈಗ ಇಚಲಕರಂಜಿಯಲ್ಲಿ ಮಗಳ ಮನೆಯಲ್ಲಿದ್ದಾಳೆ, ಅರ್ಧ ರೊಟ್ಟಿ ಉಣ್ಣುತ್ತಾಳೆ ಎಂದು ಅವಳ ಮಗ ಬಂದು ಹೇಳಿ ಹೋದ.

ಡಾಕ್ಟರು ಉದ್ದನೆಯ ವೈರು ತರಿಸಿ ಕಂಪ್ಯೂಟರಿನ ಮೇಜನ್ನೇ ರೋಗಿಯ ಕಡೆ ತಿರುಗಿಸಿಕೊಂಡರು. ತಂಗೆವ್ವನ ಹೆಸರಿನ ಮುಂದಿದ್ದ ತೂಕವನ್ನು ಅಳಿಸಿದರು.

"ಖಾನೆ ಖಾಲಿ ಬಿಟ್ರ ಆಕಿದು ರೊಕ್ಕ ಬರೂದಿಲ್ರೀ ಸರ" ಎಂದ ದಾವಲಸಾಬ.

"ಖಾಲಿ ಇರ್ಲಿ. ಆಕಿ ಬಂದು ಕುಂತ ಮ್ಯಾಲ ತುಂಬೂಣು."

ಈಗ ಒಳಗೆ ಹೊಸ ಕುರ್ಚಿ ಬಂದಿದೆ. ನಾನು ಪಡಸಾಲೆಯಲ್ಲಿ, ಚಪ್ಪಲಿಗಳ ಪಕ್ಕದಲ್ಲಿದ್ದೇನೆ. ನಾಲ್ಕೂ ಕಾಲು ಸಡಿಲಾಗಿವೆ. ಬೆಕ್ಕು ಹತ್ತಿದರೂ ಕಿರ್ ಎನ್ನುತ್ತೇನೆ. ಹಾಗೆಂದಾಗಲೆಲ್ಲ ಒಳಗೆ ಡಾಕ್ಟರು, ಎದುರಿನ ರೋಗಿಯ ಕೈ ಬಿಡದೆ, ಬಾಗಿಲ ಕಡೆ ಕತ್ತು ಚಾಚುತ್ತಾರೆ. ಬೆಕ್ಕನ್ನು ಕಂಡು ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ನನಗೂ ಬೇಕಾದ ಭಾರ ಅದಲ್ಲ.

ಬಾರವ್ವ ತಂಗೆವ್ವ. ಉಂಡು, ಮೈ ತುಂಬಿಕೊಂಡು, ಒಮ್ಮೆ ಬಂದು ಕೂರು. ಕಾಲು ಮುರಿದರೂ ಮುರಿಯಲಿ.